ಕೊಲಂಬೊದಲ್ಲಿ ಐದು ಬಣ್ಣದ ಒಬ್ಬನೇ ರಾಜ

ಓದಲು ಕುಳಿತಿರುವ ಎಲ್ಲರಿಗೂ ನನ್ನ ನಮಸ್ಕಾರ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಮೀಸೆ ಮೂಡಿದ ಮೇಲೆ. ಆದ್ದರಿಂದ ಎಲ್ಲಿ ದೀರ್ಘ ಬೇಕು, ಎಲ್ಲಿ ಬೇಡ ಎಂಬುದು ಇವತ್ತಿಗೂ ನನಗೆ ಅನುಮಾನ. ಈಗ ಈ ಟೈಪು ಮಿಷನ್ನಿನ ಮುಂದೆ ಕುಳಿತು ಒಂದು ಬೆರಳಲ್ಲಿ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದೇನೆ. ಒಂದು ಒತ್ತಕ್ಷರ ಬೀಳುವಷ್ಟರಲ್ಲಿ ಮುಂದಿನ ಮಾತು ಅರ್ಧ ಮರೆತಿರುತ್ತದೆ. ತಪ್ಪು ಕಂಡರೆ ಮನೆಯವನೆಂದು ತಿಳಿದು ಹೊಟ್ಟೆಗೆ ಹಾಕಿಕೊಳ್ಳಿ.

ಹೇಳಹೊರಟಿರುವುದು ಸಿಂಹಳಕ್ಕೆ ಹೋಗಿಬಂದ ಕಥೆ. ದೊಡ್ಡ ಯುದ್ಧ ಶುರುವಾಗುವ ಮೊದಲಿನ ಮಾತು. ಆಗ ನಮ್ಮ ಕಡೆಯವರು ಮಡಿಕೇರಿಗೆ ಹೋಗಿಬಂದರೂ ಪರದೇಶ ಕಂಡು ಬಂದವರಂತೆ ಮಾತಾಡುತ್ತಿದ್ದರು. ನಾನು ಸಮುದ್ರ ದಾಟಿದೆ. ಅದೂ ನನ್ನ ಕೆಲಸಕ್ಕಲ್ಲ, ಒಂದು ಅಂಗಿಯ ಕೆಲಸಕ್ಕೆ.

ಹುಣಸೂರು

ನನ್ನೂರು ಹಂಪಾಪುರದ ಹತ್ತಿರ. ಹೊಲವನ್ನು ಅಣ್ಣಂದಿರು ನೋಡಿಕೊಳ್ಳುತ್ತಿದ್ದರು. ನಾನು ಹುಣಸೂರಿನ ಒಂದು ಮರದ ಡಿಪೋದಲ್ಲಿ ದಿಮ್ಮಿಗಳ ಮೇಲೆ ನಂಬರು ಬರೆಯುವ ಕೆಲಸಕ್ಕಿದ್ದೆ. ಡಿಪೋ ಎದುರಿಗೆ ರಹಮತ್ ಸಾಬರ ಹೊಲಿಗೆ ಅಂಗಡಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನನ್ನನ್ನು ಗೌಡ ಎಂದು ಕರೆಯುತ್ತಿದ್ದರು, ನಾನು ಅವರನ್ನು ಭಾಯಿ ಎನ್ನುತ್ತಿದ್ದೆ. ಅವರ ಹೆಂಡತಿ ಜೈನಾಬಿ ಒಳಮನೆಯಲ್ಲಿ ಕುಳಿತು ಕಾಜಾ ಹಾಕಿ ಗುಂಡಿ ಹೊಲಿದುಕೊಡುತ್ತಿದ್ದರು. ಆ ಊರಿನಲ್ಲಿ ಕೋಟು ತೊಟ್ಟವರೆಲ್ಲ ಈ ಗಂಡ ಹೆಂಡಿರ ಕೈಯಿಂದ ಬಂದವರೇ.

ಒಂದು ಸಲ ನಾಟಕದ ಕಂಪನಿಯೊಂದು ಹುಣಸೂರಿಗೆ ಬಂದು ಮೂರು ತಿಂಗಳು ನಿಂತಿತು. ಹರಿದ ಬಟ್ಟೆ ಹೊಲಿದುಕೊಡಲು ರಹಮತ್ ಭಾಯಿ ಹೋದರು. ಹೋದವರು ಪರದೆಯ ಪಕ್ಕದಲ್ಲಿ ನಿಂತು ಹೇಮಶೇಖರ ರಾಜನ ನಾಟಕವನ್ನು ಅಷ್ಟೂ ಆಟ ನೋಡಿದರು. ಕೊಟ್ಟ ಮಾತಿಗೆ ರಾಜ್ಯ ಬಿಟ್ಟುಕೊಟ್ಟು ಕಾಡಿಗೆ ಹೋಗುವ ರಾಜನ ಕಥೆ ಅದು. ಮುಂದೆ ಮದ್ರಾಸಿನವರು ಅದೇ ಕಥೆಯನ್ನು ತಮಿಳಿನಲ್ಲಿ ಟಾಕಿ ಮಾಡಿದರು. ನಮ್ಮೂರ ನಾಟಕದ ಹುಚ್ಚಿನವರು ಮೂಗು ಮುರಿದರು. ಹೆಂಡತಿ ಬದಲು ಹೆಂಡತಿಯ ಪಟ ಕಟ್ಟಿಕೊಂಡ ಹಾಗಾಯಿತು ಎಂದು ಒಬ್ಬರು ಅಂದರು. ರಹಮತ್ ಭಾಯಿ ಮಾತ್ರ ಮೈಸೂರಿಗೆ ಹೋಗಿ ನೋಡಿಬಂದು, ಮತ್ತೆ ಹೋಗಿ, ಮತ್ತೂ ಹೋಗಿ, ಅಂಗಡಿಯಲ್ಲಿ ಬಟ್ಟೆ ಅಳೆಯುವವರಿಗೆಲ್ಲ ವಿವರಿಸಿದರು. ನಾಟಕದಲ್ಲಿ ಕಾಡು ಅಂದರೆ ಬಣ್ಣದ ಪರದೆ, ಇಲ್ಲಿ ನಿಜವಾದ ಕಾಡು; ಅಲ್ಲಿ ರಾಜ ಅತ್ತರೆ ಮುಂದೆ ಕೂತವರಿಗೆ ಕೇಳಿಸುತ್ತಿತ್ತು, ಇಲ್ಲಿ ಹಿಂದಿನ ಬೆಂಚಿನವನಿಗೂ ಕಣ್ಣೀರು ಕಾಣುತ್ತದೆ. ಯಾವ ಹಾಡು ಬಿಟ್ಟರು, ಯಾವುದು ಸೇರಿಸಿದರು, ಎಲ್ಲಾ ಬಾಯಲ್ಲೇ ಇತ್ತು.

ಅವರಿಗೆ ಟಾಕಿಯವರ ಮೇಲೆ ಒಂದೇ ಒಂದು ದೂರು. ನಾಟಕದಲ್ಲಿ ರಾಜ ಅರಮನೆ ಬಿಡುವ ಮುನ್ನ ಮುದುಕ ದರ್ಜಿಯನ್ನು ಕರೆಸಿ, ತೊಟ್ಟ ಅಂಗಿ ಬಿಚ್ಚಿ ಅವನ ಕೈಗೆ ಕೊಡುತ್ತಾನೆ. ದರ್ಜಿಗೆ ಏನು ಹೇಳಬೇಕೋ ತೋಚದೆ, ತೋಳು ಸಡಿಲವಾಗಿದೆ, ಬಿಗಿ ಮಾಡಿಕೊಡಲೇ ಎನ್ನುತ್ತಾನೆ. ಅಲ್ಲಿಯವರೆಗೆ ಅಳದ ರಾಜ ಆ ಮಾತಿಗೆ ಅಳುತ್ತಾನೆ. ಟಾಕಿಯಲ್ಲಿ ದರ್ಜಿಯೇ ಇರಲಿಲ್ಲ.

"ಕುದುರೆ ಅದೆ, ಆನೆ ಅದೆ, ನವಿಲೂ ಅದೆ. ಒಬ್ಬ ದರ್ಜಿಗೆ ಜಾಗ ಇಲ್ದೆ ಹೋಯ್ತು ಕಣೋ ಗೌಡ" ಎನ್ನುತ್ತಿದ್ದರು.

ನೋಡಿದ್ದು ಸಾಲದೆ ತಾವೇ ರಾಜನಾಗಬೇಕೆನಿಸಿತು. ಮಖಮಲ್ಲು ತಂದು, ತಾವೇ ಹಸಿರು ಬಣ್ಣ ಹಾಕಿ, ಜರಿ ಕಟ್ಟಿ, ಮಂಡಿಯ ತನಕ ಇಳಿಯುವ ಅಂಗಿ ಹೊಲಿದರು. ಬಿಸ್ಕತ್ತಿನ ಡಬ್ಬಿ ಕತ್ತರಿಸಿ ಕಿರೀಟ ಮಾಡಿದರು. ಪಿರಿಯಾಪಟ್ಟಣಕ್ಕೋ ಯಡತೊರೆಗೋ ಟೆಂಟಿನವರು ಆ ಟಾಕಿ ತಂದರೆ ಸಾಕು, ಇವರು ಹೋಗಿ ಜಾಹೀರಾತಿನ ಗಾಡಿ ಮೇಲೆ ರಾಜನಾಗಿ ಕುಳಿತು ಊರು ಸುತ್ತುತ್ತಿದ್ದರು. ಯಡತೊರೆಗೆ ಕೃಷ್ಣರಾಜನಗರ ಎಂದು ಹೆಸರು ಬಂದಿದ್ದರೂ ನಮ್ಮ ಬಾಯಿಗೆ ಅದಿನ್ನೂ ಹತ್ತಿರಲಿಲ್ಲ. ಕೋಟೆ ಊರಿನಲ್ಲಿ ಒಂದು ಸಲ ತಮಟೆ ಸದ್ದಿಗೆ ಎತ್ತು ಬೆದರಿ ಓಡಿ, ರಾಜ ಕೆರೆಯ ಕೆಸರಿಗೆ ಬಿದ್ದದ್ದೂ ಆಯಿತು. ಅಂಗಿ ಮೇಲಕ್ಕೆತ್ತಿ ಹಿಡಿದುಕೊಂಡೇ ಬಿದ್ದರಂತೆ.

ಜೈನಾಬಿಗೆ ಇದು ತಮಾಷೆಯ ವಿಷಯವಾಗಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಮದುವೆಗೆ ಬಂದಿದ್ದರು. ನೋಡಲು ಬಂದ ಮನೆಯವರೊಬ್ಬರು ಹೊರಡುವಾಗ, ಹುಡುಗಿಯ ತಂದೆ ಗಾಡಿ ಮೇಲೆ ಕೂತು ವೇಷ ಹಾಕುವವರಂತೆ ಎಂದು ನಕ್ಕು ಹೋದರು. ಆ ದಿನದಿಂದ ಅಂಗಿಯ ಮೇಲೆ ಆಕೆಯ ಕಣ್ಣು. ಬಿಚ್ಚಿ ಮಕ್ಕಳಿಗೆ ಎರಡು ಜಾಕೀಟು ಹೊಲಿಯಿರಿ ಎಂದು ಹಟ ಹಿಡಿದರು.

ಅದೇ ಹೊತ್ತಿಗೆ ಕೊಲಂಬೊದಿಂದ ಆಕೆಯ ತಮ್ಮ ಸಲೀಮನ ಕಾಗದ ಬಂತು. ಅಲ್ಲಿ ಆ ಟಾಕಿ ವಾರಗಟ್ಟಲೆ ಓಡುತ್ತಿದೆ. ಕೊನೆಯ ಭಾನುವಾರ ಮಧ್ಯಾಹ್ನದ ಆಟಕ್ಕೆ ರಾಜನ ಉಡುಪಿನಲ್ಲಿ ಬಂದವರನ್ನು ವೇದಿಕೆ ಹತ್ತಿಸುತ್ತಾರೆ. ಜನ ಯಾರಿಗೆ ಹೆಚ್ಚು ಚಪ್ಪಾಳೆ ಕೊಡುತ್ತಾರೋ ಅವರನ್ನು ಒಂದು ವಾರ ಕೊಟಕದ, ಅಂದರೆ ಟಾಕಿ ತೋರಿಸುವ ಮನೆಯವರ, ಮೋಟಾರಿನಲ್ಲಿ ಕೂರಿಸಿ ಪಟ್ಟಣ ಸುತ್ತಿಸುತ್ತಾರೆ ಎಂದು ಬರೆದಿದ್ದ.

ರಹಮತ್ ಭಾಯಿ ನನ್ನನ್ನು ಅಂಗಡಿಗೆ ಕರೆದು, ಒಳಬಾಗಿಲ ಪರದೆಯ ಕಡೆ ತಿರುಗಿ ಹೆಂಡತಿಗೆ ಹೇಳಿದರು: "ನೋಡು, ಗೌಡನೇ ಸಾಕ್ಷಿ. ನನ್ ಮಕ ಕಾಣದ ಜನ ಅಲ್ಲಿ ನನ್ನ ರಾಜ ಅಂತ ಒಪ್ಪಿದ್ರೆ ಅಂಗಿ ಇರ್ತದೆ. ಒಪ್ದೆ ಓದ್ರೆ ಬಂದೋನೇ ನಾನೇ ಕತ್ರಿ ಹಾಕ್ತೀನಿ."

ಪರದೆಯ ಹಿಂದಿನಿಂದ ಜೈನಾಬಿ, "ಗೌಡ್ರೇ, ಕೇಳಿಸ್ಕಂಡ್ರಾ? ಆಮ್ಯಾಕೆ ನಾನ್ ಕೇಳ್ಲಿಲ್ಲ ಅನ್ಬ್ಯಾಡಿ" ಎಂದರು.

ಹೀಗೆ ನಾನು ಸಾಕ್ಷಿಯಾಗಿ ಪರದೇಶಕ್ಕೆ ಹೊರಟೆ. ನಾಲ್ಕು ಇಂಗ್ಲಿಷ್ ಮಾತು ಬರುತ್ತದೆ ಎಂಬುದು ಇನ್ನೊಂದು ಕಾರಣ. ಆ ನಾಲ್ಕೂ ಮರದ ಜಾತಿಗಳ ಹೆಸರು ಎಂದು ನಾನು ಅವರಿಗೆ ಹೇಳಲಿಲ್ಲ.

ಮಂಟಪಂ

ಮೈಸೂರು, ಬೆಂಗಳೂರು, ತಿರುಚಿರಾಪಳ್ಳಿ ಎಂದು ರೈಲು ಬದಲಾಯಿಸುತ್ತಾ ಭೂಮಿಯ ತುದಿಗೆ ಬಂದೆವು. ಭೂಮಿ ತೆಳ್ಳಗಾಗುತ್ತಾ ಹೋಗಿ ಎರಡು ಕಡೆಯೂ ಮರಳು, ಮರಳಿನಾಚೆ ನೀರು. ನಮ್ಮ ಲಕ್ಷ್ಮಣತೀರ್ಥ ಹೊಳೆ ತುಂಬಿ ಬಂದಾಗ ಇದಕ್ಕಿಂತ ದೊಡ್ಡ ನೀರು ಇರಲಾರದು ಎಂದುಕೊಂಡಿದ್ದವನು ನಾನು. ಸುಮ್ಮನೆ ನೋಡುತ್ತಾ ನಿಂತುಬಿಟ್ಟೆ.

ಸಿಂಹಳಕ್ಕೆ ಹೋಗುವ ನಮ್ಮಂಥವರನ್ನು ಮಂಟಪಂನ ಶಿಬಿರದಲ್ಲಿ ಕೆಲವು ದಿನ ಇರಿಸಿಕೊಂಡು, ರೋಗ ಇದೆಯೋ ಎಂದು ನೋಡಿ ಕಳಿಸುತ್ತಿದ್ದರು. ಹಾಸಿಗೆ ಬಟ್ಟೆಗಳನ್ನು ದೊಡ್ಡ ಹಂಡೆಯಂಥ ಯಂತ್ರಕ್ಕೆ ಹಾಕಿ ಆವಿ ಕೊಡುತ್ತಿದ್ದರು. ನಾಜೂಕಿನ ಬಟ್ಟೆ ಇದ್ದರೆ ಮೊದಲೇ ತೆಗೆದು ತೋರಿಸಿ ಎಂದು ತಮಿಳಿನಲ್ಲಿ ಹೇಳಿದರು. ನನಗೂ ಅರ್ಥವಾಯಿತು, ಭಾಯಿಗೂ ಅರ್ಥವಾಯಿತು. ಆದರೆ ಜರಿ ಅಂಗಿ ಕಂಡರೆ ಇವನು ಮಾರಲು ಒಯ್ಯುತ್ತಿದ್ದಾನೆ ಎಂದು ಕಿತ್ತುಕೊಂಡಾರು ಎಂಬ ಭಯ ಅವರಿಗೆ. ಹುಣಸೂರು ಬಿಡುವಾಗಲೇ ಅದನ್ನು ಹಾಸಿಗೆಯ ಸುರುಳಿಯೊಳಗೆ ಬಚ್ಚಿಟ್ಟಿದ್ದರು. ಹಾಸಿಗೆಯನ್ನು ಯಾರು ಬಿಚ್ಚಿ ನೋಡುತ್ತಾರೆ ಎಂದುಕೊಂಡಿದ್ದರು. ಬಿಚ್ಚಿ ನೋಡಲಿಲ್ಲ. ಸುರುಳಿಯನ್ನು ಹಾಗೇ ಆವಿಗೆ ಹಾಕಿದರು.

ನಾನು ಕಿರೀಟದ ಡಬ್ಬಿ ಹಿಡಿದುಕೊಂಡು ಕೂತಿದ್ದೆ. ಸುರುಳಿ ಹೊರಗೆ ಬಂತು. ಹಾಸಿಗೆ ಅಲ್ಲಲ್ಲಿ ಹಸಿರಾಗಿತ್ತು. ಅಂಗಿ ಹಸಿರಾಗಿರಲಿಲ್ಲ. ಬೆನ್ನು ಕೆರೆಯ ಪಾಚಿಯ ಬಣ್ಣ, ಎದೆ ಬೂದಿ ಬಣ್ಣ, ಜರಿ ಕಪ್ಪಿಟ್ಟು ಸುತ್ತಲೂ ಕಂದು ಕಲೆ. ಮಖಮಲ್ಲಿನ ನವಿರು ಮಲಗಿಹೋಗಿತ್ತು. ಭಾಯಿ ತೊಟ್ಟು ನೋಡಿದರು. ಮುಂಗೈ ಮುಚ್ಚುತ್ತಿದ್ದ ತೋಳು ಒಂದು ಗೇಣು ಮೇಲಕ್ಕೆ ಹೋಗಿತ್ತು.

ಅವರು ಬಯ್ಯಲಿಲ್ಲ, ಅಳಲೂ ಇಲ್ಲ. ಒಬ್ಬ ಮಾರವಾಡಿ ಗಿರಾಕಿಯ ಕೋಟು ಕೆಟ್ಟು ಬಂದಿದೆ ಎನ್ನುವಂತೆ ತಿರುಗಿಸಿ ಮುರುಗಿಸಿ ನೋಡಿ, "ಬಣ್ಣ ನಾನು ಸರಿಯಾಗಿ ಕುದಿಸ್ಲಿಲ್ಲ ಕಣೋ. ನನ್ದೇ ತಪ್ಪು" ಎಂದರು. ವಾಪಸ್ ಹೋಗೋಣವೇ ಎಂದು ಕೇಳಿದೆ. ಅಲ್ಲಿಗೆ ಹೋದರೆ ಅರ್ಧ ಆಸೆಯಾದರೂ ಇದೆ, ಇಲ್ಲಿಂದ ಹಿಂದಿರುಗಿದರೆ ನೇರ ಕತ್ತರಿಗೇ ಹೋಗಬೇಕು ಎಂದರು.

ಹಡಗು

ಧನುಷ್ಕೋಟಿಯಲ್ಲಿ ಹಡಗು ಹತ್ತಿದೆವು. ಹಡಗಿನಲ್ಲಿ ಕಳೆದದ್ದು ಒಂದೆರಡು ಗಂಟೆ ಅಷ್ಟೆ, ನನಗೆ ಒಂದು ವರ್ಷ ಅನ್ನಿಸಿತು. ತಿಂದದ್ದೆಲ್ಲ ಸಮುದ್ರಕ್ಕೆ ಒಪ್ಪಿಸಿ ಕಂಬಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ತನ್ನ ಸೆರಗಿನ ಗಂಟು ಬಿಚ್ಚಿ ಒಂದು ಚೂರು ಒಣಶುಂಠಿ ಕೊಟ್ಟಳು. ತಮಿಳಲ್ಲದ ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಅಗಿ ಎನ್ನುವಂತೆ ಹಲ್ಲಿಲ್ಲದ ಬಾಯಲ್ಲಿ ಅಗಿದು ತೋರಿಸಿದಳು.

ರಹಮತ್ ಭಾಯಿಗೆ ಸಮುದ್ರ ಏನೂ ಮಾಡಲಿಲ್ಲ, ಯಾಕೆಂದರೆ ಅವರು ಅದನ್ನು ನೋಡಲೇ ಇಲ್ಲ. ಅಂಗಿಯನ್ನು ಹಗ್ಗಕ್ಕೆ ನೇತುಹಾಕಿ, ನಾರಿನ ಬ್ರಷ್ಷಿನಲ್ಲಿ ಮಲಗಿದ ನವಿರನ್ನು ಕೂದಲು ಬಾಚುವ ಹಾಗೆ ಮೇಲಕ್ಕೆ ಬಾಚುತ್ತಾ ಕುಳಿತಿದ್ದರು. ಹಡಗಿನ ಒಬ್ಬ ಖಲಾಸಿ, ಇದು ಯಾರ ಅಂಗಿ ಎಂದು ಕೇಳಿದ. ಭಾಯಿ ಬ್ರಷ್ಷು ನಿಲ್ಲಿಸದೆ, ರಾಜನದು ಎಂದರು. ಯಾವ ದೇಶದ ರಾಜ ಎಂದು ಅವನು ಕೇಳಲಿಲ್ಲ. ಕಲೆಗಳನ್ನು ನೋಡಿ, ಆ ರಾಜನಿಗೆ ಏನಾಯಿತು ಎಂದು ಮಾತ್ರ ಕೇಳಿದ.

ಕೊಲಂಬೊ, ಮೊದಲ ಎರಡು ದಿನ

ಆಚೆ ದಡದಲ್ಲಿ ಮತ್ತೆ ಹತ್ತಿದ ರೈಲು ಇಳಿದು ಬೀದಿಗೆ ಬಂದಾಗ ನನಗೆ ಒಂದು ಆಶ್ಚರ್ಯ ಕಾದಿತ್ತು. ಅಂಗಡಿಗಳ ಹಲಗೆಯ ಮೇಲೆಲ್ಲ ನಮ್ಮ ಅಕ್ಷರಗಳಿದ್ದವು. ಹತ್ತಿರ ಹೋಗಿ ನೋಡಿದರೆ ನಮ್ಮವಲ್ಲ, ನಮ್ಮ ಅಕ್ಷರಗಳ ದಾಯಾದಿಗಳು. ಅದೇ ಗುಂಡು, ಅದೇ ಸುರುಳಿ, ಓದಲು ಹೋದರೆ ಒಂದೂ ಬಾಯಿಗೆ ಬರುವುದಿಲ್ಲ. ಕಷ್ಟಪಟ್ಟು ಅಕ್ಷರ ಕಲಿತವನಿಗೆ ಮತ್ತೆ ಒಂದನೇ ತರಗತಿಯ ಬೆಂಚಿನಲ್ಲಿ ಕೂರಿಸಿದ ಹಾಗಾಯಿತು.

ಸಲೀಮ ಮೀನಿನ ವಾಸನೆಯ ಒಂದು ಗಲ್ಲಿಯಲ್ಲಿ ಛತ್ರಿ ರಿಪೇರಿ ಅಂಗಡಿ ಇಟ್ಟಿದ್ದ. ಒಳ್ಳೆಯ ಕಸಬು, ಅಲ್ಲಿ ಮಳೆಗೆ ಹೊತ್ತು ಗೊತ್ತಿಲ್ಲ. ಅಲ್ಲಿಯ ಜನ ಮೂರು ಹೊತ್ತೂ ಅಕ್ಕಿಯದನ್ನೇ ತಿನ್ನುತ್ತಾರೆ. ಎಲ್ಲದಕ್ಕೂ ತೆಂಗಿನಕಾಯಿ; ಸೊಪ್ಪಿಗೂ ಕಾಯಿ, ಮೀನಿಗೂ ಕಾಯಿ, ಕಾಯಿಗೂ ಕಾಯಿ. ಎರಡನೇ ದಿನ ನನಗೆ ಮುದ್ದೆಯ ಕನಸು ಬಿತ್ತು. ಇನ್ನೊಂದು ಅಭ್ಯಾಸ ನೋಡಿದೆ: ದಾರಿ ಕೇಳಿದರೆ ಗೊತ್ತಿಲ್ಲ ಎಂದು ಯಾರೂ ಹೇಳುವುದಿಲ್ಲ. ನಗುತ್ತಾ ಒಂದು ಕಡೆ ಕೈ ತೋರಿಸುತ್ತಾರೆ. ನಮ್ಮ ಪಿರಿಯಾಪಟ್ಟಣದಲ್ಲಿ ದಾರಿ ಕೇಳಿದರೆ ಯಾರ ಮನೆಗೆ, ಯಾಕೆ, ಏನಾಗಬೇಕು ಎಂದು ವಿಚಾರಿಸಿಕೊಂಡು ಬಾಗಿಲ ತನಕ ಬಿಟ್ಟುಬರುತ್ತಾರೆ. ಯಾವುದು ಮೇಲೋ ಹೇಳಲಾರೆ. ಕೊಲಂಬೊದಲ್ಲಿ ಊರು ಚೆನ್ನಾಗಿ ನೋಡಿದ ಹಾಗಾಯಿತು.

ಭಾಯಿ ಎರಡು ದಿನವೂ ಹೊರಗೆ ಬರಲಿಲ್ಲ. ಕಪ್ಪಿಟ್ಟ ಜರಿಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದರು. ಅದು ಒಂದಿಷ್ಟು ಹೊಳೆಯಿತು. ಬಣ್ಣಕ್ಕೆ ಏನೂ ಮಾಡಲಾಗಲಿಲ್ಲ. ತೋಳಿಗೂ ಅಷ್ಟೆ, ಹೊಂದುವ ಮಖಮಲ್ಲು ಸಿಗಲಿಲ್ಲ. ಟಾಕಿಯಲ್ಲಿ ರಾಜ ಕತ್ತಿ ಹಿರಿದು ಮೂವರನ್ನು ಎದುರಿಸುವ ಭಾಗವನ್ನು ಛತ್ರಿಯ ಕೋಲು ಹಿಡಿದು ಅಭ್ಯಾಸ ಮಾಡಿದರು. ಜನ ಮೆಚ್ಚುವುದು ಅದನ್ನೇ, ಅದನ್ನೇ ಮಾಡು ಎಂದು ಸಲೀಮ ಹೇಳಿದ್ದ.

ಭಾನುವಾರ

ಕೊಟಕದ ವರಾಂಡದಲ್ಲಿ ನಾವು ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ಆಗಲೇ ನಾಲ್ಕು ಜನ ರಾಜರು ಬಂದು ಕುಳಿತಿದ್ದರು. ಎಲ್ಲರೂ ಹೇಮಶೇಖರರೇ. ಒಬ್ಬನು ಕೆಂಪು, ಒಬ್ಬನು ನೀಲಿ, ಒಬ್ಬನು ಹಳದಿ, ಒಬ್ಬನು ಬದನೆಕಾಯಿ ಬಣ್ಣ. ಟಾಕಿಯಲ್ಲಿ ಬಣ್ಣ ಎಲ್ಲಿಯದು? ಕಪ್ಪು, ಬಿಳುಪು, ನಡುವಿನ ಬೂದಿ. ಉಳಿದದ್ದನ್ನು ಅವರವರ ಮನಸ್ಸು ತುಂಬಿಕೊಂಡಿತ್ತು.

ನಮ್ಮ ರಾಜ ಒಳಗೆ ಕಾಲಿಡುತ್ತಲೇ ನಾಲ್ವರೂ ಅಂಗಿಯನ್ನು ನೋಡಿದರು. ಬಂದರಿನಲ್ಲಿ ಗುಮಾಸ್ತನಾಗಿದ್ದ ಕೆಂಪು ರಾಜ, ಇದು ಯಾವ ಬಣ್ಣ ಎಂದು ತಮಿಳಿನಲ್ಲಿ ಕೇಳಿದ. ಹಸಿರು, ಎಂದರು ಭಾಯಿ. ಎಲ್ಲಿ ಹಸಿರು ಎಂದು ಅವನು ಸುತ್ತ ಒಂದು ಪ್ರದಕ್ಷಿಣೆ ಬಂದ. ನಾಟಕದಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ, ಹಸಿರೇ ಸರಿ ಎಂದು ಭಾಯಿ ವಾದಿಸಿದರು. ರಾಜನಾದವನು ಕೆಂಪೇ ಉಡಬೇಕು ಎಂದು ಅವನು. ಹಳದಿಯವನು ನಡುವೆ ಬಾಯಿ ಹಾಕಿದ. ತಮಿಳು, ಮಲಯಾಳ, ಸಿಂಹಳ, ನಮ್ಮ ಹುಣಸೂರ ಕನ್ನಡ, ಎಲ್ಲದರಲ್ಲೂ ಒಂದು ಅಂಗಿಗಾಗಿ ಐವರು ರಾಜರು ಜಗಳವಾಡಿದರು.

ಮೂಲೆಯಲ್ಲಿ ಸೋಡಾ ಮಾರುತ್ತಿದ್ದ ಒಬ್ಬ ಮುದುಕ ಇದನ್ನು ಕೇಳಿ ನಗುತ್ತಿದ್ದ. ಮುತ್ತಯ್ಯ ಎಂದು ಹೆಸರು. ಅವನು ಮೊದಲು ಮದ್ರಾಸಿನ ಸ್ಟುಡಿಯೋದಲ್ಲಿ ಉಡುಪಿನ ಪೆಟ್ಟಿಗೆ ಕಾಯುವ ಕೆಲಸದಲ್ಲಿದ್ದವನು. ಸೇಲಂ ಕಡೆ ನಮ್ಮ ಮಾತಿನವರ ಜೊತೆ ಇದ್ದು ಬಂದುದರಿಂದ ಕನ್ನಡ ಬರುತ್ತಿತ್ತು. ಅವನು ಹೇಳಿದ್ದು ಇಷ್ಟು: ಆ ರಾಜನಿಗೆ ಒಂದು ಅಂಗಿ ಇರಲಿಲ್ಲ, ಎರಡು ಇದ್ದವು. ಒಂದು ಗುಲಾಬಿ ಬಣ್ಣದ್ದು, ಇನ್ನೊಂದು ಟೀ ಕಷಾಯದಲ್ಲಿ ಅದ್ದಿ ಮಾಸಲು ಮಾಡಿದ ಬಿಳಿ ಬಟ್ಟೆ. ಯಾವುದು ಒಗೆದು ಒಣಗಿರುತ್ತಿತ್ತೋ ಅದನ್ನು ತೊಡಿಸುತ್ತಿದ್ದರು. ಹೇಗಿದ್ದರೂ ಪರದೆಯ ಮೇಲೆ ತಿಳಿಯುವುದಿಲ್ಲವಲ್ಲ.

ಐವರೂ ರಾಜರು ತಮ್ಮ ತಮ್ಮ ಅಂಗಿ ನೋಡಿಕೊಂಡರು. ನೀಲಿ ರಾಜ ಎಲ್ಲರಿಗೂ ಸೋಡಾ ಕೊಡಿಸಿದ.

ಭಾಯಿ ಮಾತ್ರ ಸೋಡಾ ಕುಡಿಯದೆ ಮುತ್ತಯ್ಯನ ಪಕ್ಕದಲ್ಲಿ ಕುಳಿತು, ಹಾಗಾದರೆ ದರ್ಜಿಯನ್ನು ಯಾಕೆ ಮರೆತರು ಎಂದು ಕೇಳಿದರು. ಎಷ್ಟು ವರ್ಷದ ಪ್ರಶ್ನೆಯೋ ಅದು.

ಮುತ್ತಯ್ಯ ಸೀಸೆ ಒರೆಸುವುದನ್ನು ನಿಲ್ಲಿಸಿ ಹೇಳಿದ: "ಮರೀಲಿಲ್ಲ ಸ್ವಾಮಿ. ಆ ಭಾಗಾನೂ ಕ್ಯಾಮೆರಾದಲ್ಲಿ ತೆಗೆದಿದ್ರು. ಒಂದಿಡೀ ದಿವಸ ತೆಗೆದ್ರು. ದೀಪದೋರೂ ಅತ್ರು. ಆಮೇಲೆ ಚಿತ್ರ ಉದ್ದ ಆಯ್ತು ಅಂತ ಕತ್ತರಿಸಿ ಬಿಸಾಕಿದ್ರು. ಆ ಚೂರು ನಾನೇ ಕಸದ ಬುಟ್ಟಿಗೆ ಹಾಕ್ದೆ."

ಭಾಯಿ ಮುಖ ನೋಡಿದೆ. ಮಂಟಪಂನಲ್ಲಿ ಅಂಗಿ ಕಂಡಾಗಲೂ ಅವರ ಮುಖ ಹಾಗೆ ಆಗಿರಲಿಲ್ಲ.

ಆಟ ಮುಗಿದ ಮೇಲೆ ಒಬ್ಬೊಬ್ಬರನ್ನೇ ವೇದಿಕೆಗೆ ಕರೆದರು. ಕೆಂಪು ರಾಜ ಕತ್ತಿವರಸೆ ಮಾಡಿದ. ಬಂದರಿನ ಅವನ ಗೆಳೆಯರು ಗ್ಯಾಲರಿಯ ಅರ್ಧ ತುಂಬಿದ್ದರು, ಚಪ್ಪಾಳೆಗೆ ಹೆಂಚು ಅದುರಿತು. ನೀಲಿಯೂ ಕತ್ತಿವರಸೆ ಮಾಡಿದ, ಹಳದಿಯೂ ಅದನ್ನೇ ಮಾಡಿದ. ಬದನೆಕಾಯಿ ರಾಜ ಕತ್ತಿ ಬೀಸುವಾಗ ಕಿರೀಟ ಮುಂದಿನ ಸಾಲಿಗೆ ಹಾರಿತು, ಅದಕ್ಕೂ ಚಪ್ಪಾಳೆ ಬಿತ್ತು. ಕೊನೆಗೆ ನಮ್ಮ ರಾಜ. ಕಲೆಬಿದ್ದ, ಗೇಣು ಗಿಡ್ಡವಾದ ತೋಳಿನ ಅಂಗಿ ತೊಟ್ಟು ನಡುವೆ ಹೋಗಿ ನಿಂತರು. ಛತ್ರಿಯ ಕೋಲು ಕೆಳಗೆ ಇಟ್ಟರು. ಆಮೇಲೆ ವೇದಿಕೆಯ ಮಗ್ಗುಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ಬಾ ಗೌಡ, ನೀನೇ ದರ್ಜಿ" ಎಂದರು.

ನಾನು ಬರುವುದಿಲ್ಲ ಎಂದು ತಲೆ ಆಡಿಸಿದೆ. ಸಲೀಮ ಹಿಂದಿನಿಂದ, ಕತ್ತಿ, ಕತ್ತಿ ಎಂದು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದ. ಭಾಯಿ ತಾವೇ ಬಂದು, ಜೇಬಿನಲ್ಲಿದ್ದ ಅಳತೆಯ ಟೇಪು ತೆಗೆದು ನನ್ನ ಕೊರಳಿಗೆ ಹಾಕಿ, ಕೈ ಹಿಡಿದು ನಡುವೆ ಕರೆದೊಯ್ದರು.

ಅವರು ಕಿರೀಟ ತೆಗೆದು ಕೆಳಗಿಟ್ಟು, ನಾಟಕದ ಕನ್ನಡದಲ್ಲಿ, ದೊಡ್ಡ ದನಿಯೇನೂ ಮಾಡದೆ ಹೇಳಿದರು: "ಎಲೈ ದರ್ಜಿಯೇ, ಈ ಅಂಗಿಯೊಳಗಿದ್ದಷ್ಟು ದಿನ ಜನರು ನನಗೆ ಕೈಮುಗಿದರು. ಮುಗಿದದ್ದು ನಿನ್ನ ಹೊಲಿಗೆಗೋ, ನನಗೋ, ಇಂದಿನಿಂದ ತಿಳಿಯುವೆನು." ಅಂಗಿ ಬಿಚ್ಚಿ ಮಡಿಸಿ ನನ್ನ ಎರಡು ಕೈಯ ಮೇಲೆ ಇಟ್ಟರು. ಒಳಗೆ ಬರಿಯ ಬನೀನು. ಮೂಳೆ ಕಾಣುವ ಭುಜ.

ನನ್ನ ಮಾತು ಒಂದೇ ಇದ್ದದ್ದು. ನಾಟಕದ ಭಾಷೆ ನನ್ನ ಬಾಯಿಗೆ ಬರಲಿಲ್ಲ. "ಬುದ್ದೀ, ತೋಳು ವಸಿ ಸಡ್ಲಾಗದೆ. ಬಿಗಿ ಮಾಡ್ಕೊಡ್ಲಾ?" ಎಂದೆ.

ರಹಮತ್ ಭಾಯಿ ಅತ್ತರು. ರಾಜ ಅಳಬೇಕಾದ ಜಾಗವೇ ಅದು, ಆದರೂ ಅದು ಆಟದ ಅಳು ಅಲ್ಲ ಎಂದು ನನಗೆ ಗೊತ್ತಾಯಿತು.

ನಾವು ಆಡಿದ್ದು ಯಾರಿಗೂ ತಿಳಿಯದ ಮಾತು, ಯಾರೂ ನೋಡದ ಭಾಗ. ಇದು ಟಾಕಿಯಲ್ಲಿ ಇಲ್ಲವಲ್ಲ ಎಂದು ಯಾರೋ ಕೂಗಿದರು. ಹಿಂದುಗಡೆ ಸೋಡಾ ಬುಟ್ಟಿ ಹಿಡಿದಿದ್ದ ಮುತ್ತಯ್ಯ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದ. ಸ್ವಲ್ಪ ಹೊತ್ತಾದ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ತಟ್ಟಿದರು. ಕೆಂಪು ರಾಜನೂ ತಟ್ಟಿದ, ಅದನ್ನು ಹೇಳಲೇಬೇಕು. ಮೋಟಾರಿನಲ್ಲಿ ಕೂರುವ ಮರ್ಯಾದೆ ಕೆಂಪು ರಾಜನದೇ ಆಯಿತು.

ಹಿಂದಿರುಗುವ ದಾರಿ

ಕೊಟಕದವರು ಎಲ್ಲಾ ರಾಜರ ಫೋಟೋ ತೆಗೆಸಿದ್ದರು. ಭಾಯಿಯದೊಂದು ಪ್ರತಿ ಸಲೀಮ ತಂದುಕೊಟ್ಟ. ನೋಡಿದರೆ, ಕಲೆ ಎಲ್ಲಿ, ಬಣ್ಣ ಎಲ್ಲಿ? ಕಪ್ಪು ಬಿಳುಪಿನಲ್ಲಿ ಎಲ್ಲಾ ಮಾಯ. ಕಿರೀಟ ತೊಟ್ಟು ಕೈಕಟ್ಟಿ ನಿಂತ ಅವರು ಟಾಕಿಯಿಂದ ಇಳಿದು ಬಂದ ರಾಜನೇ ಆಗಿದ್ದರು. ಸಲೀಮನಿಗೆ ಒಂದು ಉಪಾಯ ಹೊಳೆಯಿತು. ಅಕ್ಕನಿಗೆ ಈ ಪಟ ತೋರಿಸಿ ಗೆದ್ದೆ ಎಂದುಬಿಡು, ಕೇಳುವವರು ಯಾರು ಎಂದ. ನನಗೂ ಅದೇ ಸರಿ ಎನಿಸಿತ್ತು. ಸಾಕ್ಷಿ ಹೇಳಲು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹಡಗಿನಲ್ಲಿ, ರೈಲಿನಲ್ಲಿ, ಮೈಸೂರಿನ ಬಸ್ಸಿನಲ್ಲಿ, ಹಾಗೇ ಹೇಳೋಣ ಎಂದು ಭಾಯಿಗೆ ಮೂರು ಸಲ ಹೇಳಿದೆ.

ಬಿಳಿಕೆರೆ ದಾಟಿದ ಮೇಲೆ ಅವರು ಬಾಯಿ ಬಿಟ್ಟರು. "ಕತ್ತಿ ಬೀಸಿದ್ರೆ ಗೆಲ್ತಿದ್ನೋ ಏನೋ. ನಾನಾಗೇ ಬಿಟ್ಟೆ ಕಣೋ. ಬಿಟ್ಟು ಬಂದು ಗೆದ್ದೆ ಅನ್ನಾದು ಎಂಗೆ?"

ಮತ್ತೆ ಹುಣಸೂರು

ಅಂಗಡಿ ಬಾಗಿಲು ತೆಗೆದು, ಕೈಕಾಲು ತೊಳೆದು, ಅವರು ಮೊದಲು ಮಾಡಿದ ಕೆಲಸ ಕತ್ತರಿ ತಂದು ಮಣೆಯ ಮೇಲೆ ಇಟ್ಟದ್ದು. ಪಕ್ಕದಲ್ಲಿ ಅಂಗಿ. ಜೈನಾಬಿ ಪರದೆ ಸರಿಸಿ ಬಂದು ನಿಂತರು. ಹೆಣ್ಣುಮಕ್ಕಳು ಬಾಗಿಲ ಸಂದಿಯಲ್ಲಿ.

ಸೋತೆ, ಎಂದರು ಭಾಯಿ. ಬಣ್ಣ ಹೋದದ್ದು, ಐವರು ರಾಜರು, ಮುತ್ತಯ್ಯ ಹೇಳಿದ್ದು, ತಾವು ಆಡಿದ್ದು, ಒಂದೂ ಬಿಡದೆ ಹೇಳಿದರು. ಜೈನಾಬಿ ಅಂಗಿಯ ಕಲೆಗಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಆಕೆ ಆ ನಾಟಕ ನೋಡಿದವರಲ್ಲ, ಟಾಕಿಯನ್ನೂ ನೋಡಿದವರಲ್ಲ. ಗಾಡಿ ಮೇಲೆ ಗಂಡ ಕುಳಿತದ್ದನ್ನೂ ನೋಡಿರಲಿಲ್ಲ. ಜನ ನಕ್ಕದ್ದನ್ನು ಮಾತ್ರ ಕೇಳಿದ್ದರು.

"ಅದೇನ್ ಆಡುದ್ರಿ ಅಲ್ಲಿ? ಆಡಿ ತೋರ್ಸಿ" ಎಂದರು. "ಕತ್ರಿ ಎಲ್ಲೂ ಓಡೋಗಲ್ಲ."

ಮಣೆ ಸರಿಸಿ ಜಾಗ ಮಾಡಿದೆವು. ಭಾಯಿ ಅಂಗಿ ತೊಟ್ಟರು. ನಾನು ಕೊರಳಿಗೆ ಟೇಪು ಹಾಕಿಕೊಂಡು ನಿಂತೆ. ಕೊಲಂಬೊದಲ್ಲಿ ಹೇಳಿದ್ದಕ್ಕಿಂತ ಮೆಲ್ಲಗೆ ಹೇಳಿದರು. ಹೊರಗೆ ಬೀದಿಯಲ್ಲಿ ಗಾಡಿಗಳು ಹೋಗುತ್ತಿದ್ದವು, ಎಳೆಬಿಸಿಲು ಬಾಗಿಲ ತನಕ ಬಂದಿತ್ತು. ಮುಗಿದದ್ದು ನಿನ್ನ ಹೊಲಿಗೆಗೋ ನನಗೋ ಎನ್ನುವಾಗ ಅವರು ನನ್ನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದರು. ಅಂಗಿಯ ಗುಂಡಿಗಳೆಲ್ಲ ಆಕೆ ಹೊಲಿದವೇ ಅಲ್ಲವೇ. ಆಮೇಲೆ ಬಿಚ್ಚಲು ಕೈ ಹಾಕಿದರು.

ನಾನು ಟೇಪು ಎತ್ತಿ, ತೋಳು ಸಡ್ಲಾಗದೆ ಎನ್ನಲು ಬಾಯಿ ತೆರೆದೆ. ಜೈನಾಬಿ ನಡುವೆ ಬಂದು ನನ್ನ ಕೊರಳಿಂದ ಟೇಪು ಎಳೆದುಕೊಂಡರು.

"ಬುಡಿ ಗೌಡ್ರೇ, ನಿಮ್ಗೆ ಟೇಪು ಇಡಿಯಾಕೇ ಬರಾಕಿಲ್ಲ" ಎಂದು ಗಂಡನ ಕೈಯನ್ನು ಉದ್ದಕ್ಕೆ ಚಾಚಿಸಿ ಭುಜದಿಂದ ಮುಂಗೈ ತನಕ ಅಳೆದರು. ಇನ್ನೊಂದು ಕೈಯನ್ನೂ ಅಳೆದರು. ಆಮೇಲೆ ಗಂಡನ ಮುಖ ನೋಡದೆ, ತೋಳಿನ ಅಂಚನ್ನೇ ನೋಡುತ್ತಾ ಹೇಳಿದರು:

"ಸಡ್ಲ ಎಲ್ಲೈತೆ, ಗೇಣುದ್ದ ಕುಗ್ಗೋಗೈತೆ. ಬಿಚ್ಚಿ, ಇಲ್ಲಿಂದ ಬ್ಯಾರೆ ಬಟ್ಟೆ ಕೊಟ್ಟು ಇಳಿಸ್ಬೇಕು. ಹಸ್ರು ಸಿಕ್ಕಲ್ಲ. ಯಾವ್ ಬಣ್ಣ ಆದ್ರೇನು, ಟಾಕೀಲಿ ಕಾಣಲ್ವಂತಲ್ಲ."

ಮಣೆಯ ಮೇಲಿನ ಕತ್ತರಿ ತೆಗೆದುಕೊಂಡು ತೋಳಿನ ಹೊಲಿಗೆಯ ಮೊದಲ ಎಳೆಯನ್ನು ಆಕೆಯೇ ಕತ್ತರಿಸಿದರು. ಒಂದೇ ಎಳೆ. ಮಖಮಲ್ಲಿಗೆ ತಾಕಲಿಲ್ಲ.

ಇದನ್ನು ಓದುತ್ತಿರುವವರಲ್ಲಿಯೂ ಇಂಥ ಹುಚ್ಚಿನವರು ಇದ್ದೀರಿ ಎಂದು ನನ್ನ ಊಹೆ. ನೀವು ಯಾವ ವೇಷ ಹಾಕಿದಿರಿ, ಯಾರು ನಕ್ಕರು, ಯಾರು ತೋಳು ಸರಿಮಾಡಿಕೊಟ್ಟರು, ನಾಲ್ಕು ಸಾಲು ಬರೆದು ತಿಳಿಸಿ. ಕೈಬರಹವಾದರೂ ಸರಿ. ನಾನು ನಿಧಾನವಾಗಿ ಓದುವವನು, ಆದರೆ ಪೂರ್ತಿ ಓದುತ್ತೇನೆ.